ಲಕ್ಷ್ಮಿ, ಲಕ್ಕಮ್ಮ, ಲಗಮವ್ವ: ಒಂದು ಹೆಸರಿನ ಸಾವಿರ ವರ್ಷ

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಎರಡುಕಟ್ಟೆ ಬಸದಿ ಎಂಬ ಜಿನಾಲಯವಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಡದಿ ಅದನ್ನು 1118ರ ಸುಮಾರಿಗೆ ಕಟ್ಟಿಸಿದಳು. ಬೆಳಗೊಳದ ಶಾಸನಗಳಲ್ಲಿ ಆಕೆ ಲಕ್ಷ್ಮೀಮತಿಯೂ ಹೌದು, ಲಕ್ಕಲೆಯೂ ಹೌದು. ಕಲ್ಲಿನಲ್ಲಿ ಅಕ್ಷರ ಕೊರೆಸುವುದು ಹಗುರವಾದ ಕೆಲಸವಲ್ಲ. ದಂಡನಾಯಕನ ಮಡದಿಯ ಹೆಸರನ್ನಂತೂ ಯಾರೂ ಬೇಕಾಬಿಟ್ಟಿ ಕೊರೆಸುವುದಿಲ್ಲ. ಅಂದಮೇಲೆ ಲಕ್ಕಲೆ ಎಂಬುದು ಆ ಕಾಲದವರ ಕಿವಿಗೆ ಕೆಟ್ಟ ಉಚ್ಚಾರವಾಗಿರಲಿಲ್ಲ; ಅದೂ ಗೌರವದ ಹೆಸರೇ ಆಗಿತ್ತು.

ಇದೇ ವಿಷ್ಣುವರ್ಧನನ ಒಬ್ಬ ರಾಣಿ, ಒಂದನೇ ನರಸಿಂಹನ ತಾಯಿ, ಲಕ್ಷ್ಮಾದೇವಿ. ಹಾಸನ ಜಿಲ್ಲೆಯ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯೂ ಅವನ ಆಳ್ವಿಕೆಯ ಕಾಲದ್ದೇ. ಅರಮನೆ, ದಂಡನಾಯಕನ ಮನೆ, ಗುಡಿ, ಮೂರೂ ಕಡೆ ಒಂದೇ ಹೆಸರು. ಆಮೇಲಿನ ಒಂಬೈನೂರು ವರ್ಷ ಕನ್ನಡ ನಾಡಿನಲ್ಲಿ ಹೆಣ್ಣುಮಗು ಹುಟ್ಟಿದ ಮನೆಯವರಿಗೆ ಮೊದಲು ನೆನಪಾಗುತ್ತಿದ್ದ ಹೆಸರುಗಳಲ್ಲಿ ಲಕ್ಷ್ಮಿ ಒಂದು. ಈಗ ಅಂಗನವಾಡಿಯಲ್ಲಿ, ಒಂದನೇ ತರಗತಿಯಲ್ಲಿ ಹಾಜರಿ ಕೂಗುವಾಗ ಬರಿಯ ಲಕ್ಷ್ಮಿ ಎಂಬ ಹೆಸರು ಅಪರೂಪವಾಗಿದೆ. ಲಕ್ಕಮ್ಮನಂತೂ ಕೇಳಿಸುವುದೇ ಇಲ್ಲ. ಒಂದು ಹೆಸರು ಹೀಗೆ ಏರಿ, ಹರಡಿ, ಇಳಿದದ್ದು ಹೇಗೆ, ನಡುವೆ ಅದನ್ನು ಯಾರು ಯಾರು ಹೇಗೆ ಹೇಗೆ ಕರೆದರು ಎಂದು ಹುಡುಕುತ್ತ ಹೋದರೆ ನಾಡಿನ ಭಾಷೆ, ಜಾತಿ, ಶಾಲೆ, ಸರ್ಕಾರ ಎಲ್ಲದರ ಚರಿತ್ರೆಯೂ ದಾರಿಯಲ್ಲಿ ಸಿಗುತ್ತದೆ.

ನಾಲಿಗೆ ಬಿಡಿಸಿದ ಗಂಟು

ಲಕ್ಷ್ಮೀ ಎಂಬ ಪದ ಋಗ್ವೇದದ ಹತ್ತನೇ ಮಂಡಲದಲ್ಲಿದೆ. ಅಲ್ಲಿ ಅದು ಇನ್ನೂ ದೇವಿಯ ಹೆಸರಲ್ಲ. ಲಕ್ಷ್ಮ ಎಂದರೆ ಗುರುತು. ಲಕ್ಷಣ ಎಂಬ ಮಾತೂ ಇದೇ ಬೇರಿನದು. ಬಲ್ಲವರ ಮಾತಿನಲ್ಲಿ ಮಂಗಳಕರವಾದ ಲಕ್ಷ್ಮಿ ನೆಲೆಸಿದೆ ಎಂಬುದು ಆ ಸೂಕ್ತದ ಆಶಯ. ಅಥರ್ವವೇದದಲ್ಲಿ ಒಳ್ಳೆಯ ಲಕ್ಷ್ಮಿಯೂ ಇದ್ದಾಳೆ, ಓಡಿಸಬೇಕಾದ ಕೆಟ್ಟ ಲಕ್ಷ್ಮಿಯೂ ಇದ್ದಾಳೆ. ಸಂಪತ್ತು, ಸೌಭಾಗ್ಯಗಳ ದೇವಿಯಾಗಿ, ವಿಷ್ಣುವಿನ ಮಡದಿಯಾಗಿ ಆಕೆ ನಿಂತದ್ದು ಆಮೇಲೆ.

ಹೆಸರೇನೋ ಮಂಗಳಕರ. ಹೇಳುವುದು ಮಾತ್ರ ಸುಲಭವಲ್ಲ. ಕ ಹೇಳಲು ನಾಲಿಗೆಯ ಬುಡ ಮೇಲೇಳಬೇಕು, ಷ ಹೇಳಲು ತುದಿ ಹಿಂದಕ್ಕೆ ಬಾಗಬೇಕು, ಮ ಹೇಳಲು ತುಟಿ ಮುಚ್ಚಬೇಕು. ಈ ಮೂರೂ ನಡುವೆ ಒಂದು ಸ್ವರವೂ ಇಲ್ಲದೆ ಒಂದರ ಬೆನ್ನಿಗೊಂದು ಬರಬೇಕು. ಮನುಸ್ಮೃತಿಯ ಎರಡನೇ ಅಧ್ಯಾಯದಲ್ಲಿ ಹೆಣ್ಣುಮಕ್ಕಳ ಹೆಸರು ಹೇಗಿರಬೇಕೆಂಬ ನಿಯಮವಿದೆ: ಸುಖವಾಗಿ ಉಚ್ಚರಿಸುವಂತಿರಬೇಕು, ಕಿವಿಗೆ ಒರಟಾಗಿರಬಾರದು, ಮಂಗಳವನ್ನು ಸೂಚಿಸಬೇಕು, ದೀರ್ಘಸ್ವರದಲ್ಲಿ ಮುಗಿಯಬೇಕು. ಲಕ್ಷ್ಮೀ ಮಂಗಳಕರ, ಕೊನೆಯೂ ದೀರ್ಘವೇ. ಸುಖವಾದ ಉಚ್ಚಾರ ಎಂಬಲ್ಲಿ ಮಾತ್ರ ಅದು ತಡವರಿಸುತ್ತದೆ. ಆ ಕೊರತೆಯನ್ನು ತುಂಬಿದ್ದು ಜನರ ನಾಲಿಗೆ.

ತುಂಬಿದ ದಾರಿ ಮೂರು. ಒಂದು, ಕ್ಷ ಇದ್ದಲ್ಲಿ ಕ್ಕ. ಪಕ್ಷಿ ಹಕ್ಕಿಯಾದಂತೆ, ರಾಕ್ಷಸ ರಕ್ಕಸನಾದಂತೆ, ಯಕ್ಷ ಜಕ್ಕನಾದಂತೆ ಲಕ್ಷ್ಮಿ ಲಕ್ಕಮ್ಮ, ಲಕ್ಕವ್ವ, ಲಕ್ಕಲೆಯಾದಳು. ಎರಡು, ಕ್ಷ ಇದ್ದಲ್ಲಿ ಚ್ಚ. ಕಕ್ಷೆ ಎಂಬುದು ಕಚ್ಚೆಯಾದ ದಾರಿ ಇದು. ಪ್ರಾಕೃತದಲ್ಲಿ ಆಗಲೇ ಲಚ್ಛೀ ಎಂಬ ರೂಪವಿತ್ತು. ನಮ್ಮ ಲಚ್ಚಿ, ಲಚ್ಚಮ್ಮ, ಲಚುಮಿ ಈ ಸಾಲಿನವರು. ಮೂರು, ವ್ಯಂಜನಗಳ ನಡುವೆ ಒಂದು ಸ್ವರ ಸೇರಿಸುವುದು. ಭಕ್ತಿ ಬಕುತಿಯಾಗಿ, ಪದ್ಮ ಪದುಮವಾಗಿ, ಲಕ್ಷ್ಮಿ ಲಕುಮಿಯಾದಳು. ಬೆಳಗಾವಿ ಸೀಮೆಯಲ್ಲಿ ನಡುವಿನ ಕ ಮೆದುವಾಗಿ ಗ ಆಯಿತು, ಆಕಾಶ ಆಗಸವಾದ ಹಾಗೆ. ಆ ಕಡೆಯ ಲಗಮವ್ವ, ಲಗಮಣ್ಣ, ಲಗಮಪ್ಪ ಎಲ್ಲರೂ ಲಕ್ಷ್ಮಿಯ ಹೆಸರಿನವರೇ.

ಇವೆಲ್ಲ ಬಾಯಿಗೆ ಬಂದ ಹಾಗೆ ಆದ ಬದಲಾವಣೆಗಳಲ್ಲ. 13ನೇ ಶತಮಾನದಲ್ಲಿ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇಂಥ ಪದಗಳಿಗಾಗಿಯೇ ಅಪಭ್ರಂಶ ಪ್ರಕರಣ ಎಂಬ ಭಾಗವನ್ನು ಮೀಸಲಿಟ್ಟು ನಿಯಮ ಹೇಳಿದ. ಯಾವ ಅಕ್ಷರ ಎಲ್ಲಿ ಏನಾಗುತ್ತದೆ ಎಂಬುದಕ್ಕೆ ಕ್ರಮವಿದೆ ಎಂದು ಅವನಿಗೆ ಗೊತ್ತಿತ್ತು. ದಾಸರ ಪದಗಳಲ್ಲಿ ಲಕ್ಷ್ಮಿಯೂ ಉಂಟು, ಲಕುಮಿಯೂ ಉಂಟು. ಮಾತ್ರೆ ಎಣಿಸಿ ನೋಡಿ: ಒತ್ತಕ್ಷರದ ಹಿಂದಿನ ಲ ಗುರು, ಕ್ಷ್ಮಿ ಲಘು, ಒಟ್ಟು ಮೂರು ಮಾತ್ರೆ. ಲಕುಮಿ ಎಂದರೆ ಮೂರು ಲಘು, ಅದೂ ಮೂರೇ ಮಾತ್ರೆ. ತಾಳ ತಪ್ಪುವುದಿಲ್ಲ, ತೂಕ ಕೆಡುವುದಿಲ್ಲ, ನಾಲಿಗೆಗೆ ಮಾತ್ರ ಹಾಯೆನಿಸುತ್ತದೆ.

ಇನ್ನೊಂದು ಮಾತು. ಸಂಸ್ಕೃತದಲ್ಲಿ ಈ ಹೆಸರಿನ ಕೊನೆ ದೀರ್ಘ. ಲಕ್ಷ್ಮೀಕಾಂತ, ಲಕ್ಷ್ಮೀನಾರಾಯಣ ಎಂದು ಸಮಾಸವಾದಾಗ ಆ ದೀರ್ಘವನ್ನು ನಾವೂ ಉಳಿಸಿಕೊಳ್ಳುತ್ತೇವೆ. ಒಂಟಿಯಾಗಿ ಹೇಳುವಾಗ ನದೀ ನದಿಯಾದಂತೆ, ಗೌರೀ ಗೌರಿಯಾದಂತೆ, ಲಕ್ಷ್ಮೀ ಲಕ್ಷ್ಮಿಯಾಗುತ್ತಾಳೆ. ಷಕಾರವನ್ನಂತೂ ನಾಲಿಗೆ ಹಿಂದಕ್ಕೆ ಮಡಿಸಿ ಹೇಳುವವರು ಓದಿದವರಲ್ಲೂ ಕಡಿಮೆ. ಹೆಚ್ಚಿನವರ ಬಾಯಲ್ಲಿ ಅದು ಶಕಾರವೇ. ಹಾಗಾಗಿ ಇಂದು ನಾವು ‘ಸರಿ’ ಎಂದುಕೊಂಡಿರುವ ಲಕ್ಷ್ಮಿ ಕೂಡ ಕನ್ನಡದ ನಾಲಿಗೆ ತನಗೆ ತಕ್ಕಂತೆ ತಿದ್ದಿಕೊಂಡ ರೂಪವೇ. ಲಕ್ಕಮ್ಮನಿಗೂ ಲಕ್ಷ್ಮಿಗೂ ಇರುವುದು ಸರಿ ತಪ್ಪಿನ ಅಂತರವಲ್ಲ. ಒಬ್ಬಳು ಆ ದಾರಿಯಲ್ಲಿ ಹೆಚ್ಚು ದೂರ ನಡೆದಿದ್ದಾಳೆ, ಇನ್ನೊಬ್ಬಳು ಕಡಿಮೆ, ಅಷ್ಟೇ.

ಕಲ್ಯಾಣದ ಇಬ್ಬರು

12ನೇ ಶತಮಾನದ ಶರಣ ಚಳವಳಿಯಲ್ಲಿ ಈ ಹೆಸರಿನ ಇಬ್ಬರು ವಚನಕಾರ್ತಿಯರು ಸಿಗುತ್ತಾರೆ. ಕೊಂಡೆ ಮಂಚಣ್ಣನ ಪುಣ್ಯಸ್ತ್ರೀ ಲಕ್ಷ್ಮಮ್ಮ ಒಬ್ಬಳು, ಆಯ್ದಕ್ಕಿ ಮಾರಯ್ಯನ ಮಡದಿ ಲಕ್ಕಮ್ಮ ಇನ್ನೊಬ್ಬಳು. ಒಂದೇ ಚಳವಳಿ, ಎರಡು ಉಚ್ಚಾರ. ಲಕ್ಕಮ್ಮನ ಹೆಸರನ್ನು ತಿದ್ದಿ ಲಕ್ಷ್ಮಮ್ಮ ಮಾಡಬೇಕೆಂದು ವಚನಗಳನ್ನು ಬರೆದಿಟ್ಟು ಕಾಪಾಡಿದ ಯಾರಿಗೂ ಅನಿಸಲಿಲ್ಲ.

ಲಕ್ಕಮ್ಮನ ಕತೆ ನಾಡಿಗೆಲ್ಲ ಗೊತ್ತು. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿ ಅವರು. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ಮಾರಯ್ಯ ದಾಸೋಹ ನಡೆಸುತ್ತಿದ್ದ. ಒಂದು ದಿನ ಅವನು ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಹೊತ್ತು ತಂದ. ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ. ನಮಗೆ ಬೇಕಾದ್ದು ದಿನದ ಪ್ರಮಾಣ, ಉಳಿದದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ವಾಪಸು ಕಳಿಸಿದಳು. ಸಂಪತ್ತಿನ ದೇವಿಯ ಹೆಸರು ಹೊತ್ತವಳು ಹೆಚ್ಚಿನ ಸಂಪತ್ತನ್ನು ಬೇಡವೆಂದಳು. ಲಕ್ಕಮ್ಮ ಎಂಬ ಹೆಸರಿಗೆ ಇದಕ್ಕಿಂತ ದೊಡ್ಡ ಘನತೆ ಬೇಕಿಲ್ಲ.

ಗಂಡಸರೂ ಈ ಹೆಸರನ್ನು ಹೊತ್ತಿದ್ದಾರೆ. ವಿಜಯನಗರದ ಪ್ರೌಢದೇವರಾಯನ ಮಂತ್ರಿ, ದಂಡನಾಯಕ, ‘ಶಿವತತ್ತ್ವಚಿಂತಾಮಣಿ’ ಬರೆದ ಕವಿ ಲಕ್ಕಣ್ಣ ದಂಡೇಶ. ಲಕ್ಷ್ಮಣನೂ ಇದೇ ದಾರಿಯಲ್ಲಿ ಲಕ್ಕಣ್ಣ, ಲಕ್ಕಪ್ಪ ಆಗುವುದರಿಂದ ಗಂಡಸರ ಹೆಸರುಗಳಲ್ಲಿ ಎರಡು ಮೂಲಗಳು ಬೆರೆತುಹೋಗಿವೆ. ಹಳೇ ಮೈಸೂರಿನ ಲಕ್ಕೇಗೌಡರೂ ಬೆಳಗಾವಿಯ ಲಗಮಣ್ಣನವರೂ ಹೆಸರಿನಲ್ಲಿ ನೆಂಟರೆಂದು ಇಬ್ಬರಿಗೂ ಥಟ್ಟನೆ ಹೊಳೆಯಲಿಕ್ಕಿಲ್ಲ.

ಯಾಕೆ ಇಷ್ಟು ಲಕ್ಷ್ಮಿಯರು?

ಹೆಣ್ಣುಮಗು ಹುಟ್ಟಿದರೆ ಮನೆಗೆ ಲಕ್ಷ್ಮಿ ಬಂದಳು ಎನ್ನುತ್ತೇವೆ. ಸೊಸೆ ಹೊಸ್ತಿಲ ಸೇರಕ್ಕಿ ಒದ್ದು ಒಳಗೆ ಬಂದರೂ ಅದೇ ಮಾತು. ಕೊಟ್ಟಿಗೆಯ ಹಸುವಿಗೂ ಲಕ್ಷ್ಮಿಯೇ. ಮೈಸೂರು ದಸರಾಕ್ಕೆ ಬರುವ ಆನೆಗಳಲ್ಲೂ ಒಬ್ಬಳು ಲಕ್ಷ್ಮಿ. 2022ರಲ್ಲಿ ಅರಮನೆ ಆವರಣದಲ್ಲೇ ಅವಳು ಮರಿ ಹಾಕಿದಾಗ ನಾಡೆಲ್ಲ ಸಂಭ್ರಮಪಟ್ಟಿತು. ಶುಕ್ರವಾರ ಹುಟ್ಟಿದ ಮಗು, ಶ್ರಾವಣದ ವರಮಹಾಲಕ್ಷ್ಮಿ ಹಬ್ಬದ ಆಸುಪಾಸಿನಲ್ಲಿ ಹುಟ್ಟಿದ ಮಗು, ದೀಪಾವಳಿಯ ಅಮಾವಾಸ್ಯೆಗೆ ಹುಟ್ಟಿದ ಮಗು, ಇವರಿಗೆಲ್ಲ ಬೇರೆ ಹೆಸರು ಹುಡುಕುವ ಅಗತ್ಯವೇ ಇರಲಿಲ್ಲ. ಚಾಲುಕ್ಯ, ಹೊಯ್ಸಳ ಗುಡಿಗಳ ಬಾಗಿಲವಾಡದ ಮೇಲೆ ಎರಡು ಆನೆಗಳ ನಡುವೆ ಕುಳಿತ ಗಜಲಕ್ಷ್ಮಿ ಹಳ್ಳಿಮನೆಗಳ ಮರದ ಬಾಗಿಲಿಗೂ ಇಳಿದು ಬಂದಳು. ಓದು ಬರಹ ಬಾರದವರಿಗೂ ಪರಿಚಯವಿದ್ದ ದೇವಿ ಆಕೆ.

ಹೆಸರು ಹರಡಲು ಮನೆತನದ ರೂಢಿಗಳೂ ಕಾರಣ. ಮೊಮ್ಮಗಳಿಗೆ ಅಜ್ಜಿಯ ಹೆಸರಿಡುವುದು ನಮ್ಮಲ್ಲಿ ಹಳೆಯ ಪದ್ಧತಿ. ಹೀಗಾಗಿ ಒಮ್ಮೆ ಮನೆಗೆ ಬಂದ ಲಕ್ಷ್ಮಿ ತಲೆಮಾರು ಬಿಟ್ಟು ತಲೆಮಾರು ಮರಳಿ ಬರುತ್ತಿದ್ದಳು. ಮರಾಠಿ ಸೀಮೆಯಲ್ಲೂ ನಮ್ಮ ಕೆಲವು ಮನೆತನಗಳಲ್ಲೂ ಮದುವೆಯಾದ ಹುಡುಗಿಗೆ ಹೊಸ ಹೆಸರಿಡುವ ರೂಢಿಯಿತ್ತು. ಝಾನ್ಸಿಯ ರಾಣಿ ಹುಟ್ಟಿದಾಗ ಮಣಿಕರ್ಣಿಕಾ, ಲಕ್ಷ್ಮೀಬಾಯಿಯಾದದ್ದು ಮದುವೆಯ ಮೇಲೆ. ತೊಟ್ಟಿಲಲ್ಲಿ ಸಿಗದಿದ್ದ ಹೆಸರು ಹಸೆಮಣೆಯಲ್ಲಿ ಸಿಗುತ್ತಿತ್ತು. ಮೈಸೂರು ಅರಮನೆಯಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರ ರಾಣಿ, 1799ರಲ್ಲಿ ಒಡೆಯರ ವಂಶಕ್ಕೆ ಗದ್ದುಗೆ ಮರಳುವವರೆಗೆ ಪಟ್ಟು ಬಿಡದೆ ಹೋರಾಡಿದ ಹೆಣ್ಣುಮಗಳು, ಲಕ್ಷ್ಮಮ್ಮಣ್ಣಿ.

ಅಜ್ಜಿಯ ಹೆಸರಿಟ್ಟ ಮನೆಗಳಲ್ಲಿ ಒಂದು ತೊಡಕೂ ಇತ್ತು. ಸೊಸೆಯಾದವಳು ಅತ್ತೆಯ ಹೆಸರು ಹೇಳುವಂತಿಲ್ಲ. ಮಗಳಿಗೆ ಅತ್ತೆಯ ಹೆಸರನ್ನೇ ಇಟ್ಟಿದ್ದರೆ ಅವಳನ್ನು ಕೂಗುವುದು ಹೇಗೆ, ಗದರುವುದು ಹೇಗೆ? ಆಗ ಮಗು ಪುಟ್ಟಮ್ಮ, ಪಾಪಮ್ಮ, ಅಮ್ಮಣ್ಣಿ ಆಗುತ್ತಿತ್ತು. ಎಷ್ಟೋ ಲಕ್ಷ್ಮಿಯರು ತಮ್ಮ ನಿಜವಾದ ಹೆಸರನ್ನು ಮೊದಲು ಗಟ್ಟಿಯಾಗಿ ಕೇಳಿದ್ದು ಶಾಲೆಯ ಹಾಜರಿಯಲ್ಲೋ ಮದುವೆಯ ಲಗ್ನಪತ್ರಿಕೆಯಲ್ಲೋ.

ಲಕ್ಷ್ಮಿಯರು ಹೆಚ್ಚಾದಂತೆ ಒಬ್ಬಳನ್ನು ಇನ್ನೊಬ್ಬಳಿಂದ ಬೇರೆ ಮಾಡಬೇಕಾಯಿತು. ಅಷ್ಟಲಕ್ಷ್ಮಿಯರು ನೆರವಿಗೆ ಬಂದರು. ವಿಜಯಲಕ್ಷ್ಮಿ, ಧನಲಕ್ಷ್ಮಿ, ಧಾನ್ಯಲಕ್ಷ್ಮಿ, ಗಜಲಕ್ಷ್ಮಿ. ಅವರ ಜೊತೆಗೆ ಭಾಗ್ಯಲಕ್ಷ್ಮಿ, ವರಲಕ್ಷ್ಮಿ, ರಾಜಲಕ್ಷ್ಮಿ, ನಾಗಲಕ್ಷ್ಮಿ, ಸುಬ್ಬಲಕ್ಷ್ಮಿ. ಕಳೆದ ಶತಮಾನದ ನಡುಭಾಗದಲ್ಲಿ ಹುಟ್ಟಿದವರಲ್ಲಿ ಈ ಜೋಡಿಹೆಸರುಗಳು ಧಾರಾಳ. ಸಂಗೀತದಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿ, ಸಿನಿಮಾದಲ್ಲಿ 1968ರ ‘ಗೋವಾದಲ್ಲಿ ಸಿಐಡಿ 999’ ಚಿತ್ರದಿಂದ ಕನ್ನಡಿಗರಿಗೆ ಪರಿಚಯವಾದ ಲಕ್ಷ್ಮಿ, ಹೀಗೆ ದೊಡ್ಡ ಹೆಸರುಗಳೂ ಇದ್ದವು. ಮನೆಯ ಬಳಕೆಯಲ್ಲಿ ಮಾತ್ರ ಜೋಡಿಯ ಎರಡನೇ ಭಾಗ ಉದುರಿಹೋಗುತ್ತಿತ್ತು. ವಿಜಯಲಕ್ಷ್ಮಿ ವಿಜಿಯಾದಳು, ರಾಜಲಕ್ಷ್ಮಿ ರಾಜಿ, ಭಾಗ್ಯಲಕ್ಷ್ಮಿ ಭಾಗ್ಯ, ನಾಗಲಕ್ಷ್ಮಿ ನಾಗು. ಕಾಗದದಲ್ಲಿ ಲಕ್ಷ್ಮಿ ಉಳಿದಳು, ಬಾಯಿಂದ ಮರೆಯಾಗತೊಡಗಿದಳು. ಹೆಸರಿನ ಇಳಿಕೆ ಶುರುವಾದದ್ದು ಇಲ್ಲಿಂದ ಎಂಬುದು ನನ್ನ ಎಣಿಕೆ.

ಶಾಲೆಯ ದಾಖಲಾತಿ ಪುಸ್ತಕ

ಲಕ್ಕಮ್ಮ ಹಿಂದೆ ಸರಿದದ್ದಕ್ಕೆ ಬೇರೆಯದೇ ಕಾರಣವಿದೆ. ಅದರ ಹಿಂದೆ ಸ್ವಲ್ಪ ನೋವೂ ಇದೆ.

ಮನುಸ್ಮೃತಿಯ ಆ ನಿಯಮದ ಪಕ್ಕದಲ್ಲೇ ಇನ್ನೊಂದು ನಿಯಮವಿದೆ: ಬ್ರಾಹ್ಮಣನ ಹೆಸರು ಮಂಗಳವನ್ನು, ಕ್ಷತ್ರಿಯನದು ಬಲವನ್ನು, ವೈಶ್ಯನದು ಧನವನ್ನು ಸೂಚಿಸಬೇಕು, ಶೂದ್ರನ ಹೆಸರು ಹೀನವಾಗಿರಬೇಕು ಎಂದು. ಮನುಷ್ಯನನ್ನು ಹುಟ್ಟಿದ ದಿನದಿಂದಲೇ ಕುಗ್ಗಿಸುವ ಕ್ರೂರ ಮಾತು ಇದು. ನಾಡಿನ ಜನ ಇದಕ್ಕೆ ಪೂರ್ತಿ ಮಣಿಯಲಿಲ್ಲ. ಹೊಲದಲ್ಲಿ ದುಡಿಯುವ ಮನೆಗಳಲ್ಲಿ, ಕುರಿ ಕಾಯುವ ಮನೆಗಳಲ್ಲಿ, ಮಗ್ಗದ ಮನೆಗಳಲ್ಲಿ ಲಕ್ಕಮ್ಮ, ಲಕ್ಕವ್ವ, ಲಚ್ಚಮ್ಮ, ಲಗಮವ್ವ ತುಂಬಿದ್ದರು. ಮಂಗಳದ, ಧನದ ದೇವಿಯ ಹೆಸರನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು, ಯಾರ ಅಪ್ಪಣೆಗೂ ಕಾಯದೆ, ತಮ್ಮ ಹೆಣ್ಣುಮಕ್ಕಳಿಗೆ ಇಟ್ಟರು.

ಆಮೇಲೆ ಶಾಲೆ ಬಂತು. ಮಗುವನ್ನು ಸೇರಿಸಲು ಹೋದ ತಂದೆ ಹೇಳಿದ ಹೆಸರನ್ನು ಮೇಷ್ಟ್ರು ದಾಖಲಾತಿ ಪುಸ್ತಕದಲ್ಲಿ ‘ಶುದ್ಧ’ ಮಾಡಿ ಬರೆದುಕೊಳ್ಳುವುದು ನಾಡಿನ ಉದ್ದಗಲಕ್ಕೂ ನಡೆದ ಸಂಗತಿ. ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಜೂನ್ 1. ಹೆಸರು ಲಕ್ಕವ್ವ ಎಂದರೆ ಲಕ್ಷ್ಮೀ. ಹೆಚ್ಚಿನ ಮೇಷ್ಟ್ರುಗಳು ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡಿದರು. ಮಗು ಮುಂದೆ ಪೇಟೆಗೆ ಹೋದಾಗ ಯಾರೂ ನಗಬಾರದು ಎಂಬುದು ಅವರ ಕಾಳಜಿ. ಆದರೆ ಪರಿಣಾಮ ಒಂದೇ: ಲಕ್ಕವ್ವ ಎಂಬುದು ತಿದ್ದಬೇಕಾದ ಹೆಸರು ಎಂಬ ಭಾವನೆ ಮಕ್ಕಳಲ್ಲೂ ಹೆತ್ತವರಲ್ಲೂ ಬೇರೂರಿತು. ಒಂದು ತಲೆಮಾರು ಕಳೆಯುವಷ್ಟರಲ್ಲಿ ಲಕ್ಕಮ್ಮ ಎಂದರೆ ಹಳ್ಳಿ, ಬಡತನ, ಅನಕ್ಷರತೆ ಎಂಬ ಅರ್ಥ ಅಂಟಿಕೊಂಡಿತು. ಹೆಸರನ್ನು ಇಳಿಸಿದ್ದು ಅದರ ಧ್ವನಿಯಲ್ಲ, ಅದನ್ನು ಹೊತ್ತವರ ಬಗ್ಗೆ ಸಮಾಜ ಇಟ್ಟುಕೊಂಡ ತಾತ್ಸಾರ.

ಸಿರಿ ಬಂದಳು

ಅಮೆರಿಕದ ಸಾಮಾಜಿಕ ಭದ್ರತಾ ಇಲಾಖೆ 1880ರಿಂದೀಚೆಗೆ ಮಕ್ಕಳಿಗಿಟ್ಟ ಹೆಸರುಗಳನ್ನು ವರ್ಷವಾರು ಪಟ್ಟಿ ಮಾಡಿ ಪ್ರಕಟಿಸುತ್ತದೆ. ಒಂದು ವರ್ಷದಲ್ಲಿ ಐದು ಮಕ್ಕಳಿಗೆ ಇಟ್ಟಿದ್ದರೂ ಸಾಕು, ಆ ಹೆಸರು ಪಟ್ಟಿಯಲ್ಲಿ ಸಿಗುತ್ತದೆ. ನಮ್ಮಲ್ಲಿ ಜನನ ನೋಂದಣಿಗೆ 1969ರ ಕಾಯ್ದೆಯಿದೆ, ಕರ್ನಾಟಕದಲ್ಲಿ ಇ-ಜನ್ಮ ತಂತ್ರಾಂಶವಿದೆ, ಆದರೆ ಹೆಸರುಗಳ ಇಂಥ ವಾರ್ಷಿಕ ಪಟ್ಟಿ ಹೊರತರುವ ಪದ್ಧತಿಯಿಲ್ಲ. ಆದರೂ ಹಳೆಯ ಹಾಜರಿ ಪುಸ್ತಕ, ಮತದಾರರ ಪಟ್ಟಿ, ಲಗ್ನಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಬದಲಾವಣೆ ಕಣ್ಣಿಗೆ ಹೊಡೆಯುತ್ತದೆ. ಲಕ್ಕಮ್ಮ ಹೋಗಿ ಲಕ್ಷ್ಮಮ್ಮ ಬಂದಳು. ಲಕ್ಷ್ಮಮ್ಮ ಹೋಗಿ ಲಕ್ಷ್ಮಿ, ವಿಜಯಲಕ್ಷ್ಮಿ ಬಂದರು. ಅವರ ಮಕ್ಕಳು ರಮ್ಯಾ, ಕಾವ್ಯಾ, ದಿವ್ಯಾ, ಶ್ವೇತಾ ಆದರು. ಮೊಮ್ಮಕ್ಕಳು ಆದ್ಯಾ, ಆರಾಧ್ಯಾ, ಸಾನ್ವಿ, ಲಕ್ಷಿತಾ.

ಹಾಗೆಂದು ಲಕ್ಷ್ಮಿ ಪೂರ್ತಿ ಹೋಗಿಬಿಟ್ಟಳೆನ್ನುವಂತಿಲ್ಲ. ‘ಅಮರಕೋಶ’ ಲಕ್ಷ್ಮಿಗೆ ಕೊಡುವ ಪರ್ಯಾಯ ಹೆಸರುಗಳನ್ನು ನೋಡಿ: ಪದ್ಮಾ, ಕಮಲಾ, ಶ್ರೀ, ಹರಿಪ್ರಿಯಾ, ಇಂದಿರಾ, ರಮಾ. ಇಪ್ಪತ್ತನೇ ಶತಮಾನದ ಹೆಣ್ಣುಮಕ್ಕಳ ಹೆಸರುಗಳಲ್ಲಿ ಎಷ್ಟೊಂದು ಈ ಸಾಲಿನಿಂದಲೇ ಬಂದಿವೆ! ಈಚಿನ ವರ್ಷಗಳಲ್ಲಿ ಇದೇ ಕುಟುಂಬದ ಇನ್ನೊಂದು ಹೆಸರು ಹೆತ್ತವರ ಮನಸ್ಸು ಗೆದ್ದಿದೆ, ಸಿರಿ. ಶ್ರೀ ಎಂಬುದರ ತದ್ಭವ ಸಿರಿ. ಒತ್ತಕ್ಷರ ಬಿಡಿಸಿ ನಡುವೆ ಸ್ವರ ಸೇರಿಸಿದ ರೂಪ, ಲಕುಮಿಯಂತೆಯೇ. ತುಳುನಾಡಿನಲ್ಲಿ ಸಿರಿಯ ಪಾಡ್ದನವಿದೆ, ಸಿರಿ ಜಾತ್ರೆಯಿದೆ. ಗಂಡನ ಅನ್ಯಾಯವನ್ನು ಎದುರಿಸಿ ನಿಂತ ಹೆಣ್ಣು ಆಕೆ. ಚಿಕ್ಕದು, ಕನ್ನಡದ್ದು, ಹೇಳಲು ಸುಲಭ, ವಿದೇಶದಲ್ಲೂ ನಡೆಯುತ್ತದೆ ಎಂದು ಇಂದಿನ ತಂದೆ ತಾಯಿ ಈ ಹೆಸರನ್ನು ಮೆಚ್ಚಿ ಇಡುತ್ತಾರೆ. ಮೆಚ್ಚಬೇಕಾದದ್ದೇ. ಆದರೆ ಸಿರಿ ಚಂದ ಎನಿಸುವ ಕಿವಿಗೆ ಲಕುಮಿ ಯಾಕೆ ಚಂದ ಎನಿಸಬಾರದು? ಎರಡನ್ನೂ ಮಾಡಿದ್ದು ಒಂದೇ ನಾಲಿಗೆ, ಒಂದೇ ನಿಯಮ. ಒಂದಕ್ಕೆ ತಾತ್ಸಾರದ ನೆನಪು ಅಂಟಿದೆ, ಇನ್ನೊಂದಕ್ಕೆ ಅಂಟಿಲ್ಲ, ವ್ಯತ್ಯಾಸ ಅಷ್ಟೇ.

ಮನೆಗಳು ಕೈಬಿಟ್ಟ ಹೆಸರನ್ನು ಇತ್ತ ಸರ್ಕಾರ ಕೈಗೆತ್ತಿಕೊಂಡಿತು. 2006-07ರಲ್ಲಿ ಬಡ ಕುಟುಂಬಗಳ ಹೆಣ್ಣುಮಕ್ಕಳಿಗಾಗಿ ಶುರುವಾದ ಯೋಜನೆಗೆ ಭಾಗ್ಯಲಕ್ಷ್ಮಿ ಎಂದು ಹೆಸರಾಯಿತು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಯೋಜನೆ ಗೃಹಲಕ್ಷ್ಮಿ. ಹಳ್ಳಿಯ ಹೆಂಗಸರ ಮಾತಿನಲ್ಲಿ ‘ಲಕ್ಷ್ಮಿ ದುಡ್ಡು ಬಂತಾ?’ ಎಂಬುದು ಈಗ ದಿನನಿತ್ಯದ ಪ್ರಶ್ನೆ.

ಕಡಲಾಚೆಯ ಲಕ್ಷ್ಮಿ

ಈ ಹೆಸರು ನಾಡಿನ ಗಡಿ ದಾಟಿದಲ್ಲೆಲ್ಲ ಆಯಾ ನೆಲದ ನಾಲಿಗೆಗೆ ಒಗ್ಗಿದೆ. ಬಂಗಾಳದಲ್ಲಿ ಬರೆಯುವುದು ಲಕ್ಷ್ಮೀ ಎಂದೇ, ಹೇಳುವುದು ಲೊಕ್ಖಿ. ಅಲ್ಲಿ ಹೇಳಿದ ಮಾತು ಕೇಳುವ ಜಾಣ ಮಗುವಿಗೂ, ಅದು ಗಂಡಾಗಲಿ ಹೆಣ್ಣಾಗಲಿ, ಲೊಕ್ಖಿ ಎಂದೇ ಮುದ್ದಿನ ಮಾತು. ಮಲೇಷ್ಯಾದ ತಮಿಳರಲ್ಲಿ ಲೆಚುಮಿ. ಬ್ರಿಟಿಷರ ಕಾಲದಲ್ಲಿ ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಹೋದ ಕೂಲಿಗಳ ಹೆಸರುಗಳನ್ನು ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡರು. ಹೀಗೆ ಮಾರಿಷಸ್‌ನಲ್ಲಿ, ಗಯಾನಾದಲ್ಲಿ ಲಚ್‌ಮೀ ಎಂಬ ರೂಪ ನೆಲೆಯಾಯಿತು. ಕೂಲಿಗಳ ಬವಣೆ ಕುರಿತು ಎಡ್ವರ್ಡ್ ಜೆಂಕಿನ್ಸ್ 1877ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕಾದಂಬರಿಯ ನಾಯಕಿಯ ಹೆಸರೂ ಲಚ್‌ಮೀ. ಮುಂದೆ ಮಾರಿಷಸ್‌ನ ಹಣಕಾಸು ಸಚಿವರಾದ ವಿಷ್ಣು ಲಚ್‌ಮೀನರಾಯ್ಡು ಅವರ ಮನೆತನದ ಹೆಸರಿನಲ್ಲಿ ಲಕ್ಷ್ಮೀನಾರಾಯಣ ಅಡಗಿದ್ದಾನೆ. ಕೋಲಾರದ ಲಚ್ಚಮ್ಮನಲ್ಲಿರುವ ಚಕಾರವೇ ಅಲ್ಲೂ ಇದೆ.

ಅಮೆರಿಕದ ಉಪಾಧ್ಯಕ್ಷೆಯಾಗಿದ್ದ ಕಮಲಾ ಹ್ಯಾರಿಸ್ ಹುಟ್ಟಿದ್ದು 1964ರಲ್ಲಿ. ತಮಿಳುನಾಡು ಮೂಲದ ತಾಯಿ ಶ್ಯಾಮಲಾ ಗೋಪಾಲನ್ ಹಿರಿಯ ಮಗಳಿಗೆ ಇಟ್ಟದ್ದು ಲಕ್ಷ್ಮಿಯ ಪರ್ಯಾಯ ಹೆಸರು. ಕಿರಿಯಳಿಗೆ ನೇರವಾಗಿ ಮಾಯಾ ಲಕ್ಷ್ಮಿ. ಕಮಲಾ ಎಂಬ ಮೂರಕ್ಷರ ಅಮೆರಿಕದ ರಾಜಕಾರಣದಲ್ಲಿ ಸಂಘರ್ಷಕ್ಕೇ ಕಾರಣವಾಯಿತು. 2020ರ ಚುನಾವಣಾ ಸಭೆಯೊಂದರಲ್ಲಿ ಎದುರಾಳಿ ಪಕ್ಷದ ಸೆನೆಟರ್ ಒಬ್ಬರು ಆ ಹೆಸರನ್ನು ಬೇಕೆಂದೇ ತಿರುಚಿ ಕೂಗಿದಾಗ, ಸಾವಿರಾರು ಜನ ತಮ್ಮ ತಮ್ಮ ಹೆಸರು ಮತ್ತು ಅದರ ಅರ್ಥವನ್ನು ಜಾಲತಾಣಗಳಲ್ಲಿ ಬರೆದು ಉತ್ತರ ಕೊಟ್ಟರು. 2024ರಲ್ಲಿ ಷಿಕಾಗೊದಲ್ಲಿ ನಡೆದ ಡೆಮಾಕ್ರಟಿಕ್ ಪಕ್ಷದ ಸಮಾವೇಶದ ವೇದಿಕೆಗೆ ಇಬ್ಬರು ಪುಟ್ಟ ಹುಡುಗಿಯರು ಬಂದು ಕಮಲಾ ಎಂದು ಹೇಳುವುದು ಹೇಗೆಂದು ಇಡೀ ಸಭೆಗೆ ಕಲಿಸಿದರು. ಅವರು ಮಾಯಾ ಲಕ್ಷ್ಮಿಯ ಮೊಮ್ಮಕ್ಕಳು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಬಂಗಾಳಿ ತನ್ನ ಮಗಳನ್ನು ಲೊಕ್ಖಿ ಎಂದರೆ ಅದು ಪ್ರೀತಿ. ಬೆಳಗಾವಿಯ ಅವ್ವ ಲಗಮವ್ವ ಎಂದರೆ ಅದೂ ಪ್ರೀತಿ. ಒಬ್ಬರ ಹೆಸರನ್ನು ಇನ್ನೊಬ್ಬರು ಕಲಿಯುವ ಗೋಜಿಗೇ ಹೋಗದೆ, ಹೇಗೆ ಹೇಳಿದರೇನು ಎಂದು ತಿರುಚಿದರೆ ಅದು ಅವಮಾನ. ಉಚ್ಚಾರ ಬದಲಾಯಿತೇ ಎಂಬುದಕ್ಕಿಂತ ಬದಲಾಯಿಸಿದವರು ಯಾರು ಎಂಬ ಪ್ರಶ್ನೆ ದೊಡ್ಡದು. ಹೆಸರಿನ ಒಡತಿ, ಅವಳ ಮನೆ, ಅವಳ ಊರು ಬಳಸುವ ಉಚ್ಚಾರವೇ ಸರಿಯಾದ ಉಚ್ಚಾರ. ಈ ಅಳತೆಗೋಲು ಕಮಲಾ ಹ್ಯಾರಿಸ್‌ಗೆ ಎಷ್ಟು ಸಲ್ಲುತ್ತದೋ ಮಂಡ್ಯದ ಲಕ್ಕಮ್ಮನಿಗೂ ಅಷ್ಟೇ ಸಲ್ಲುತ್ತದೆ.

ಇಬ್ಬರೂ ಒಬ್ಬರೇ

ಈ ಮಾತು ಬರಿಯ ಅಭಿಮಾನದ್ದಲ್ಲ, ಹೊಟ್ಟೆಪಾಡಿನದೂ ಹೌದು. ಒಬ್ಬ ಅಜ್ಜಿಯ ಕಾಗದಗಳನ್ನು ಊಹಿಸಿಕೊಳ್ಳಿ. ಪಹಣಿಯಲ್ಲಿ ಲಕ್ಕಮ್ಮ, ಪಡಿತರ ಚೀಟಿಯಲ್ಲಿ ಲಕ್ಷ್ಮಮ್ಮ, ಆಧಾರ್‌ನಲ್ಲಿ ಲಕ್ಷ್ಮಿ, ಬ್ಯಾಂಕಿನ ಪಾಸ್‌ಬುಕ್ಕಿನ ಇಂಗ್ಲಿಷ್ ಅಕ್ಷರಗಳಲ್ಲಿ ಇನ್ನೊಂದು. ಇಂಗ್ಲಿಷ್‌ನಲ್ಲಿ ಬರೆಯುವಾಗ ಬೆಂಗಳೂರು, ಮೈಸೂರಿನವರು ಹೆಚ್ಚಾಗಿ ಕೆ, ಎಸ್, ಎಚ್ ಬಳಸುತ್ತಾರೆ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆ ಎಕ್ಸ್ ಅಕ್ಷರ ಹೆಚ್ಚು. ಗಣಕಯಂತ್ರಕ್ಕೆ ಇವರೆಲ್ಲ ಬೇರೆ ಬೇರೆ ವ್ಯಕ್ತಿಗಳು. ಹೆಸರು ತಾಳೆಯಾಗದೆ ಪಿಂಚಣಿ ನಿಲ್ಲುತ್ತದೆ, ಪೌತಿ ಖಾತೆ ಆಗುವುದಿಲ್ಲ, ಗೃಹಲಕ್ಷ್ಮಿಯ ಹಣವೂ ತಡೆದುಕೊಳ್ಳುತ್ತದೆ. ಆಗ ಲಕ್ಕಮ್ಮ ಮತ್ತು ಲಕ್ಷ್ಮಮ್ಮ ಇಬ್ಬರೂ ಒಬ್ಬರೇ ಎಂದು ಛಾಪಾಕಾಗದದ ಮೇಲೆ ಪ್ರಮಾಣಪತ್ರ ಬರೆಸಲು ನೋಟರಿಯ ಮುಂದೆ ಸಾಲು. ಶ್ರವಣಬೆಳಗೊಳದ ಕಲ್ಲು ಯಾವ ಪ್ರಮಾಣಪತ್ರವನ್ನೂ ಕೇಳದೆ ಒಪ್ಪಿಕೊಂಡ ಸತ್ಯವನ್ನು ಸಾಬೀತು ಮಾಡಲು ಈ ಅಜ್ಜಿಯರು ಕೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದಾರೆ. ಕನ್ನಡದಲ್ಲಿ ಈ ರೂಪಗಳು ಒಂದೇ ಹೆಸರು ಎಂಬ ತಿಳಿವಳಿಕೆ ಕಚೇರಿಯ ಮೇಜಿಗೂ ತಂತ್ರಾಂಶಕ್ಕೂ ಬರಬೇಕು. ಭಾಷೆ ಬಲ್ಲವರು ಕೂತು ಇಂಥ ಜೋಡಿರೂಪಗಳ ಪಟ್ಟಿ ಮಾಡಿಕೊಟ್ಟರೆ ಸರ್ಕಾರಕ್ಕೆ ಇದು ಅಸಾಧ್ಯದ ಕೆಲಸವೇನೂ ಅಲ್ಲ.

ಮನೆಯಲ್ಲಿ ತೊಟ್ಟಿಲು ಕಟ್ಟುವ ಸಂಭ್ರಮವಿರುವವರಿಗೆ ಕೆಲವು ಮಾತು. ಜನನ ನೋಂದಣಿಗೆ 21 ದಿನಗಳ ಗಡುವಿದೆ, ಹೆಸರಿಗೆ ಅಷ್ಟು ಅವಸರವಿಲ್ಲ. ನೋಂದಣಿಯಾದ 12 ತಿಂಗಳೊಳಗೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೂ ತಡ ಶುಲ್ಕ ಕಟ್ಟಿ 15 ವರ್ಷದವರೆಗೆ ಸೇರಿಸಲು ಅವಕಾಶವಿದೆ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು, ಆಧಾರ್ ಮಾಡಿಸಲು, ಪಾಸ್‌ಪೋರ್ಟ್ ಪಡೆಯಲು ಜನನ ಪ್ರಮಾಣಪತ್ರವೇ ಮೂಲ ದಾಖಲೆ. ಆದ್ದರಿಂದ ಸೋದರತ್ತೆ ಮಗುವಿನ ಕಿವಿಯಲ್ಲಿ ಉಸಿರುವ ಮೊದಲು ಆ ಹೆಸರನ್ನು ಮನೆಯ ಅಜ್ಜಿಯಿಂದ, ಪಕ್ಕದ ಮನೆಯವರಿಂದ, ಹಾಲು ಹಾಕುವವರಿಂದ ಒಮ್ಮೆ ಹೇಳಿಸಿ ಕೇಳಿ. ನಿಮ್ಮೂರಿನ ನಾಲಿಗೆ ಅದನ್ನು ಏನು ಮಾಡುತ್ತದೆ ಎಂದು ತಿಳಿಯುತ್ತದೆ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಕ್ಷರ ನೋಡಿ ಬರೆಸಿ, ಒಮ್ಮೆ ಬರೆಸಿದ್ದನ್ನು ಎಲ್ಲ ಕಾಗದಗಳಲ್ಲೂ ಹಾಗೆಯೇ ಉಳಿಸಿ.

ನಿಮ್ಮ ಮನೆಯಲ್ಲಿ ಲಕ್ಕಮ್ಮ, ಲಕ್ಕವ್ವ, ಲಚ್ಚಮ್ಮ, ಲಗಮವ್ವ ಎಂಬ ಅಜ್ಜಿಯೊಬ್ಬಳಿದ್ದರೆ, ವಂಶವೃಕ್ಷ ಬರೆಯುವಾಗ, ಗೃಹಪ್ರವೇಶದ ಆಮಂತ್ರಣ ಅಚ್ಚು ಹಾಕಿಸುವಾಗ ಅವಳ ಹೆಸರನ್ನು ತಿದ್ದಬೇಡಿ. ಅವಳನ್ನು ಊರು ಹೇಗೆ ಕರೆಯಿತೋ ಹಾಗೆಯೇ ಬರೆಯಿರಿ. ಅದು ಕೇಶಿರಾಜನ ವ್ಯಾಕರಣ ಒಪ್ಪಿದ, ಶರಣರು ಗೌರವಿಸಿದ, ಹೊಯ್ಸಳರ ಕಲ್ಲು ದಾಖಲಿಸಿದ ಶುದ್ಧ ಕನ್ನಡ ಹೆಸರು. ಮೊಮ್ಮಗಳಿಗೆ ಹೆಸರು ಹುಡುಕುತ್ತಿದ್ದರೆ ಲಕುಮಿ ಎಂದು ಒಮ್ಮೆ ಗಟ್ಟಿಯಾಗಿ ಕೂಗಿ ನೋಡಿ. ಅವಳಿಗೆ ಆ ಹೆಸರು ಖಂಡಿತ ಒಪ್ಪುತ್ತದೆ.